ದ್ವೇಷದ ಎದುರು ನಿಂತವರ ಹೆಸರನ್ನು ಪ್ರಶಸ್ತಿಗೆ ಕಳಿಸುವುದು ಹೇಗೆ

2012ರ ಆಗಸ್ಟ್ 15ರ ಸಂಜೆ ಬೆಂಗಳೂರಿನಲ್ಲಿ ಇದ್ದವರಿಗೆ ಮೆಜೆಸ್ಟಿಕ್ ರೈಲ್ವೆ ನಿಲ್ದಾಣ ನೆನಪಿರುತ್ತದೆ. ಈಶಾನ್ಯ ರಾಜ್ಯಗಳ ಹುಡುಗ ಹುಡುಗಿಯರು ಬ್ಯಾಗು ಮಡಿಲಲ್ಲಿಟ್ಟುಕೊಂಡು ಗುವಾಹಟಿ ರೈಲಿಗೆ ಕಾಯುತ್ತಾ ಪ್ಲಾಟ್‌ಫಾರಂ ತುಂಬಾ ಕೂತಿದ್ದರು. ಹೊಡೀತಾರಂತೆ, ಮನೆಗೆ ನುಗ್ಗುತ್ತಾರಂತೆ ಅನ್ನೋ ಸುದ್ದಿ ಫೋನಿನಿಂದ ಫೋನಿಗೆ ಹಾರಿತ್ತು. ಎರಡು ಮೂರು ದಿನದಲ್ಲಿ ಸಾವಿರಾರು ಜನ ಊರು ಬಿಟ್ಟರು. ಕೊನೆಗೆ ಕೇಂದ್ರ ಸರ್ಕಾರ ಒಟ್ಟಿಗೆ ಐದಕ್ಕಿಂತ ಜಾಸ್ತಿ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಅಂತ 15 ದಿನ ತಡೆ ಹಾಕಬೇಕಾಯಿತು.

ಆ ವಾರ ನಮ್ಮ ಹಿಂದಿನ ರಸ್ತೆಯ ಮನೆ ಓನರ್ ಅಮ್ಮ ಒಬ್ಬರು ತಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಮೂವರು ಮಣಿಪುರದ ಹುಡುಗರಿಗೆ, ಎಲ್ಲೂ ಹೋಗಬೇಡಿ, ನಾನಿದ್ದೀನಿ ಅಂದರು. ಹೇಳಿ ಸುಮ್ನೆ ಒಳಗೆ ಹೋಗಲಿಲ್ಲ. ಮೆಟ್ಟಿಲಿನ ಬುಡಕ್ಕೆ ತಮ್ಮ ಮಂಚ ಎಳೆದು ಅಡ್ಡ ಹಾಕಿಕೊಂಡು ಬುಧವಾರ, ಗುರುವಾರ, ಶುಕ್ರವಾರ, ಮೂರು ರಾತ್ರಿ ಅಲ್ಲೇ ಮಲಗಿದರು. ಮೇಲೆ ಹೋಗಬೇಕಾದವರು ಅವರನ್ನು ದಾಟಿಯೇ ಹೋಗಬೇಕಿತ್ತು.

ಎರಡು ವರ್ಷ ಆದ ಮೇಲೆ ನಾನು ಅವರ ಹೆಸರನ್ನು ಒಂದು ಪ್ರಶಸ್ತಿಗೆ ಬರೆದು ಕಳಿಸಿದೆ. ಸಿಗಲಿಲ್ಲ. ಬಹಳ ದಿನ ಬೇಜಾರಿತ್ತು. ಆಮೇಲೆ ಒಂದು ದಿನ ನಾನೇ ಬರೆದ ಅರ್ಜಿ ತೆಗೆದು ಓದಿದೆ. ಮಾನವೀಯತೆಯ ಮೂರ್ತಿ, ತಾಯಿ ಹೃದಯ, ಧೈರ್ಯದ ಮಹಿಳೆ ಅಂತ ಎರಡು ಪುಟ ಇತ್ತು. ಮಂಚದ ವಿಷಯ ಮಾತ್ರ ಎಲ್ಲೂ ಇರಲಿಲ್ಲ.

ಅಲ್ಲಿಂದ ಈಚೆಗೆ ಇಂಥ ಕೆಲವು ಅರ್ಜಿಗಳನ್ನು ಬರೆಯಲು ಬೇರೆಯವರಿಗೆ ಕೈಜೋಡಿಸಿದ್ದೇನೆ. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಜಾತಿ, ಧರ್ಮ, ಊರು, ಭಾಷೆ, ಮೈಬಣ್ಣ ನೋಡಿ ಒಬ್ಬರ ಮೇಲೆ ಕೈ ಎತ್ತಿದಾಗ ನಡುವೆ ಬಂದು ನಿಂತವರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಅವರ ಹೆಸರು ಕಳಿಸಿ. ಅವರು ತಾವಾಗಿ ಕಳಿಸುವುದಿಲ್ಲ. ಹೊಡೆದವರ ಹೆಸರು ಎಫ್‌ಐಆರ್‌ನಲ್ಲಿ ಉಳಿಯುತ್ತದೆ, ತಡೆದವರ ಹೆಸರು ಯಾರಾದರೂ ಬರೆದರೆ ಮಾತ್ರ ಉಳಿಯುತ್ತದೆ.

ಪೆನ್ನು ಹಿಡಿಯುವ ಮೊದಲು ಇಬ್ಬರನ್ನು ಕೇಳಿ

ಎಲ್ಲರೂ ಎಡವುವ ಜಾಗ ಇದು. ನಾನೂ ಎಡವಿದ್ದೆ. ಅರ್ಜಿ ಕಳಿಸುವ ಉತ್ಸಾಹದಲ್ಲಿ ಆ ಮೂವರು ಹುಡುಗರನ್ನು ಒಂದು ಮಾತೂ ಕೇಳಿರಲಿಲ್ಲ. ಈ ಕತೆ ಕಾಪಾಡಿದವರದ್ದು ಎಷ್ಟೋ, ಏಟು ತಿಂದವರದ್ದೂ ಅಷ್ಟೇ. ಅವರ ಬದುಕಿನ ಅತ್ಯಂತ ಕೆಟ್ಟ ದಿನವನ್ನು ನೀವು ಬೇರೆಯವರ ಕೈಗೆ ಬರೆದು ಕೊಡುತ್ತಿದ್ದೀರಿ. ಹೆಸರು ಹಾಕಬಹುದಾ, ಊರು ಹೇಳಬಹುದಾ, ಫೋಟೋ ಬೇಡವಾ, ಪ್ರಶಸ್ತಿ ಬಂದರೆ ಪತ್ರಿಕೆಯವರು ಮನೆಗೆ ಬರಬಹುದು, ಪರವಾಗಿಲ್ವಾ. ಇಷ್ಟನ್ನೂ ಒಂದೊಂದಾಗಿ ಕೇಳಿ. ಬೇಡ ಅಂದರೆ ಹೆಸರಿಲ್ಲದೆ, ಒಬ್ಬ ವಿದ್ಯಾರ್ಥಿ ಅಂತಲೋ ಒಬ್ಬ ವ್ಯಾಪಾರಿ ಅಂತಲೋ ಬರೆಯಿರಿ. ಕೆಲಸದ ತೂಕ ಅದರಿಂದ ಏನೂ ಕಡಿಮೆ ಆಗುವುದಿಲ್ಲ.

ಇನ್ನು ಕಾಪಾಡಿದವರು. ಅವರು ಅದೇ ಬೀದಿಯಲ್ಲಿ ಬಾಳಬೇಕು ಅನ್ನೋದನ್ನು ಮರೆಯಬೇಡಿ. ಒಬ್ಬ ಮೆಕ್ಯಾನಿಕ್ ಹತ್ತಿರ ಹೋಗಿ ನಿಮ್ಮ ಹೆಸರು ಕಳಿಸುತ್ತೇವೆ ಅಂದಾಗ ಅವರು ಕೈ ಒರೆಸಿಕೊಂಡು ಹೇಳಿದ್ದು ಇಷ್ಟು: ಬೇಡ ಸಾರ್, ಅವತ್ತು ಹೊಡೆಯೋಕೆ ಬಂದ ಹುಡುಗರೇ ನಾಳೆ ನನ್ನ ಹತ್ರ ಗಾಡಿ ರಿಪೇರಿಗೆ ತರ್ತಾರೆ. ನಾವು ಅಲ್ಲಿಗೇ ಬಿಟ್ಟೆವು. ಒತ್ತಾಯ ಮಾಡಲೇಬಾರದು. ಪ್ರಶಸ್ತಿ ಅಂದರೆ ಅವರ ಮುಖದ ಮೇಲೆ ಬೆಳಕು ಬಿಡುವುದು. ಆ ಬೆಳಕಿನಲ್ಲಿ ಯಾರು ಯಾರು ನೋಡುತ್ತಾರೆ ಅನ್ನೋದು ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದು ನಿಮ್ಮವರು ಅದರಲ್ಲಿ ಸಾಕ್ಷಿಯಾಗಿದ್ದರೆ ಇನ್ನೂ ಹುಷಾರಾಗಿರಬೇಕು. ಅರ್ಜಿ ಕೂಡ ಬರೆದಿಟ್ಟ ಹೇಳಿಕೆಯೇ. ಘಟನೆ ನಡೆದ ಸಮಯ ಪೊಲೀಸರಿಗೆ ಒಂದು ಹೇಳಿ, ಅರ್ಜಿಯಲ್ಲಿ ಇನ್ನೊಂದು ಬಂದರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಮೊದಲು ವಕೀಲರ ಹತ್ತಿರ ಮಾತಾಡಿ. ಬೆದರಿಕೆ ಇದ್ದರೆ ಪ್ರಶಸ್ತಿಯ ಮಾತು ಆಮೇಲೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟ ಸಾಕ್ಷಿ ರಕ್ಷಣಾ ಯೋಜನೆ ಇದೆ. ಅದರಡಿ ಅರ್ಜಿ ಕೊಟ್ಟರೆ ಪೊಲೀಸರು ಅಪಾಯ ಎಷ್ಟಿದೆ ಅಂತ ವರದಿ ಕೊಡಬೇಕಾಗುತ್ತದೆ. ದಲಿತರ, ಆದಿವಾಸಿಗಳ ಮೇಲಿನ ದೌರ್ಜನ್ಯದ ಕೇಸಾದರೆ 1989ರ ಕಾಯ್ದೆಯ 15ಎ ಕಲಂ ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆಯ ಹಕ್ಕು ಕೊಡುತ್ತದೆ.

ಯಾವ ಪ್ರಶಸ್ತಿಗೆ

ಎಲ್ಲ ಕೆಲಸಕ್ಕೂ ಎಲ್ಲ ಪ್ರಶಸ್ತಿ ಹೊಂದುವುದಿಲ್ಲ. ನಿಯಮದ ಪುಟವನ್ನು ಎರಡು ಸಲ ಓದಿ, ಪ್ರತಿ ಪದಕ್ಕೂ ಅರ್ಥ ಇರುತ್ತದೆ. ಕಬೀರ್ ಪುರಸ್ಕಾರವನ್ನೇ ನೋಡಿ. ಕೇಂದ್ರ ಸರ್ಕಾರ 1990ರಲ್ಲಿ ಶುರುಮಾಡಿದ್ದು. ಜಾತಿ, ಕೋಮು ಅಥವಾ ಜನಾಂಗದ ಗಲಭೆಯ ವೇಳೆ ಒಂದು ಸಮುದಾಯದವರು ಇನ್ನೊಂದು ಸಮುದಾಯದವರ ಪ್ರಾಣ, ಆಸ್ತಿ ಉಳಿಸಿದ್ದಕ್ಕೆ ಕೊಡುವ ಗೌರವ ಅಂತ ಅದರ ನಿಯಮ. ಮೂರು ದರ್ಜೆ: 2 ಲಕ್ಷ, 1 ಲಕ್ಷ, 50 ಸಾವಿರ ರೂಪಾಯಿ. ಇದರಲ್ಲಿ ಇನ್ನೊಂದು ಸಮುದಾಯ ಅನ್ನೋ ಮಾತು ಮುಖ್ಯ. ತಮ್ಮ ಕೇರಿಯವರನ್ನೇ ಕಾಪಾಡಲು ಹೋಗಿ ಕೈ ಮುರಿದುಕೊಂಡವರಿಗೆ ಇದು ಹೊಂದುವುದಿಲ್ಲ. ಬಸ್ಸಿನಲ್ಲಿ ಒಬ್ಬ ಹುಡುಗಿಯನ್ನು ಚೀನಾ ಚೀನಾ ಅಂತ ರೇಗಿಸುವವನನ್ನು ಇಳಿಸಿದ ಕಂಡಕ್ಟರ್‌ಗೂ ಹೊಂದುವುದಿಲ್ಲ. ನನಗೆ ಇದು ಸರಿ ಅನ್ನಿಸುವುದಿಲ್ಲ, ಆದರೂ ನಿಯಮ ನಿಯಮವೇ. ಸರ್ಕಾರಿ ಪ್ರಶಸ್ತಿಗಳಿಗೆ ಎಲ್ಲ ವರ್ಷವೂ ಅರ್ಜಿ ಕರೆಯುವುದಿಲ್ಲ, ಕೆಲವನ್ನು ನಿಲ್ಲಿಸಿಬಿಡುವುದೂ ಉಂಟು. ಅದಕ್ಕೇ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಸದ್ಯ ಏನೇನು ತೆರೆದಿದೆ ಅಂತ ನೋಡಿಕೊಂಡೇ ಕೆಲಸ ಶುರುಮಾಡಿ.

ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಯಾರ ಹೆಸರನ್ನಾದರೂ ಕಳಿಸಬಹುದು, ಶಿಫಾರಸು ಬೇಕಿಲ್ಲ. ಸಾಧನೆಯ ವಿವರ 800 ಪದ ಮೀರಬಾರದು. ಆದರೆ ಒಂದು ರಾತ್ರಿಯ ಧೈರ್ಯಕ್ಕಿಂತ ಹತ್ತಿಪ್ಪತ್ತು ವರ್ಷ ಶಾಂತಿ ಸಮಿತಿ, ಕಾನೂನು ನೆರವು ಅಂತ ದುಡಿದವರಿಗೆ ಅದು ಹೆಚ್ಚು ಹೊಂದುತ್ತದೆ. ನಮ್ಮ ರಾಜ್ಯೋತ್ಸವ ಪ್ರಶಸ್ತಿಗೂ ಸೇವಾಸಿಂಧು ಮೂಲಕ ಸಾರ್ವಜನಿಕರು ಹೆಸರು ಸೂಚಿಸುವ ದಾರಿ ಕೆಲವು ವರ್ಷ ಇತ್ತು. ಈಗಲೂ ತೆರೆದಿದ್ದರೆ ಸಮಾಜಸೇವೆ ವಿಭಾಗದಲ್ಲಿ ಕಳಿಸಿ.

ತಮಿಳುನಾಡು ಸರ್ಕಾರ 2000ದಿಂದ ಕೋಟ್ಟೈ ಅಮೀರ್ ಹೆಸರಿನಲ್ಲಿ ಕೋಮು ಸೌಹಾರ್ದ ಪ್ರಶಸ್ತಿ ಕೊಡುತ್ತಿದೆ. ಗಣರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳೇ ಪದಕ ಹಾಕುತ್ತಾರೆ, ನಗದು ಬಹುಮಾನವನ್ನೂ ಕೊಡುತ್ತಾರೆ. 2024ರಲ್ಲಿ ಅದು ಬೆಂಗಳೂರಿನಲ್ಲಿ ನೆಲೆಸಿರುವ ಮೊಹಮ್ಮದ್ ಜುಬೇರ್ ಅವರಿಗೆ ಸಿಕ್ಕಿತು. ಅವರು ಯಾರನ್ನೂ ಗುಂಪಿನ ಕೈಯಿಂದ ಎಳೆದು ತಂದವರಲ್ಲ. ತಮಿಳುನಾಡಿನಲ್ಲಿ ಉತ್ತರದ ಕೂಲಿಕಾರರನ್ನು ಹೊಡೆಯುತ್ತಿದ್ದಾರೆ ಅಂತ 2023ರಲ್ಲಿ ಹರಿದಾಡಿದ ವಿಡಿಯೋಗಳು ಸುಳ್ಳು ಅಂತ ಪತ್ತೆಹಚ್ಚಿ ತೋರಿಸಿದವರು. 2012ರಲ್ಲಿ ಬೆಂಗಳೂರಿನಲ್ಲಿ ಅಂಥ ಕೆಲಸವನ್ನು ಮೊದಲ ದಿನವೇ ಯಾರಾದರೂ ಮಾಡಿದ್ದರೆ ಎಷ್ಟು ಜನ ಆ ರೈಲು ಹತ್ತದೆ ಉಳಿಯುತ್ತಿದ್ದರೋ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದ್ದರಿಂದ ಎದುರು ನಿಲ್ಲುವುದು ಅಂದರೆ ಮೈಯೊಡ್ಡುವುದು ಮಾತ್ರ ಅಂದುಕೊಳ್ಳಬೇಡಿ. ಸುಳ್ಳು ತಡೆದವರು, ಸಾಕ್ಷಿ ಹೇಳಿದವರು, ಸ್ಟೇಷನ್‌ಗೆ ಜೊತೆಯಲ್ಲಿ ಹೋಗಿ ದೂರು ಬರೆಸಿಕೊಟ್ಟವರು, ಇವರೂ ಪಟ್ಟಿಯಲ್ಲಿ ಇರಲಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಎರಡು ಮಾತು. ಬ್ರಿಟನ್ನಿನಲ್ಲಿ ನೋ ಟು ಹೇಟ್ ಕ್ರೈಮ್ ಅವಾರ್ಡ್ಸ್ ಅಂತ ಇದಕ್ಕೇ ಮೀಸಲಾದ ಪ್ರಶಸ್ತಿಗಳನ್ನು ಕೊಟ್ಟಿದ್ದಾರೆ. ಅಲ್ಲಿನ ಸರ್ಕಾರಿ ಗೌರವಗಳಿಗೂ ಯಾರು ಬೇಕಾದರೂ ಹೆಸರು ಕಳಿಸಬಹುದು. ಕನಿಷ್ಠ ಎರಡು ಬೆಂಬಲ ಪತ್ರ ಬೇಕು, ಉತ್ತರಕ್ಕೆ 12ರಿಂದ 18 ತಿಂಗಳಾದರೂ ಕಾಯಬೇಕು. ಹೆಸರು ಕಳಿಸಿದ್ದನ್ನು ಅವರಿಗೇ ಹೇಳಬೇಡಿ ಅಂತ ಅಲ್ಲಿನ ನಿಯಮ. ಇದು ನಾನು ಮೇಲೆ ಹೇಳಿದ್ದಕ್ಕೆ ಉಲ್ಟಾ ಆಯಿತಲ್ವಾ? ಆದರೆ ಅಲ್ಲಿ ಘೋಷಣೆಗೆ ಮೊದಲು ಪತ್ರ ಬರೆದು ಒಪ್ಪಿಗೆ ಕೇಳುತ್ತಾರೆ, ಬೇಡ ಅನ್ನುವ ಅವಕಾಶ ಇರುತ್ತದೆ. ಆ ನಿಯಮ ಪಾಲಿಸಿ. ನೊಂದವರನ್ನು ಕೇಳಬೇಡಿ ಅಂತ ಮಾತ್ರ ಯಾವ ನಿಯಮವೂ ಹೇಳುವುದಿಲ್ಲ. ಇನ್ನೊಂದು ವಿಷಯ: ಸ್ಟೀಫನ್ ಲಾರೆನ್ಸ್ ಅನ್ನೋ ಕಪ್ಪು ಹುಡುಗನನ್ನು 1993ರಲ್ಲಿ ಲಂಡನ್ನಿನ ಬಸ್ ಸ್ಟಾಪ್ ಹತ್ತಿರ ಕೊಂದ ಮೇಲೆ ನಡೆದ ವಿಚಾರಣೆಯ ವರದಿ 1999ರಲ್ಲಿ ಬಂತು. ನೊಂದವರಿಗೆ ಅಥವಾ ನೋಡಿದ ಬೇರೆ ಯಾರಿಗಾದರೂ ಜನಾಂಗ ದ್ವೇಷದ ಘಟನೆ ಅನ್ನಿಸಿದರೆ ಅದನ್ನು ಹಾಗೆಂದೇ ದಾಖಲಿಸಬೇಕು ಅಂತ ಅದು ಹೇಳಿತು. ಹಾಗಾಗಿ ಅಲ್ಲಿ ಪೊಲೀಸ್ ದಾಖಲೆ ಸಿಗುವ ಸಾಧ್ಯತೆ ಇರುತ್ತದೆ, ಅರ್ಜಿಯಲ್ಲಿ ಅದರ ನಂಬರ್ ಹಾಕಿ.

ಅಮೆರಿಕ, ಕೆನಡಾದಲ್ಲಿ ಇದ್ದರೆ 1904ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಶುರುವಾದ ಕಾರ್ನೆಗಿ ಹೀರೋ ಫಂಡ್ ಇದೆ. ಪ್ರಾಣ ಪಣಕ್ಕಿಟ್ಟು ಇನ್ನೊಬ್ಬರನ್ನು ಉಳಿಸಿದ ಸಾಮಾನ್ಯ ನಾಗರಿಕರಿಗೆ ಅದರ ಪದಕ. ಘಟನೆ ನಡೆದ ಎರಡು ವರ್ಷದೊಳಗೆ ತಿಳಿಸಬೇಕು, ದಾಟಿದರೆ ಮುಗಿಯಿತು.

ಬರೆಯುವುದು ಹೇಗೆ

ಇದೇ ದೊಡ್ಡ ಕೆಲಸ. ಗುಣ ಬರೆಯಬೇಡಿ, ನಡೆದದ್ದು ಬರೆಯಿರಿ. 2017ರ ಫೆಬ್ರವರಿಯಲ್ಲಿ ಕಾನ್ಸಸ್ ರಾಜ್ಯದ ಒಲೇತ ಊರಿನ ಬಾರಿನಲ್ಲಿ ಭಾರತದಿಂದ ಹೋಗಿದ್ದ ಶ್ರೀನಿವಾಸ ಕೂಚಿಭೋಟ್ಲ ಅವರನ್ನು ದ್ವೇಷದಿಂದ ಗುಂಡಿಟ್ಟು ಕೊಂದದ್ದು, ಅವರ ಗೆಳೆಯ ಅಲೋಕ್ ಮಾದಸಾನಿ ಗಾಯಗೊಂಡದ್ದು ನೆನಪಿದೆ ಅಲ್ವಾ? ಅವತ್ತು ಇಯಾನ್ ಗ್ರಿಲೊ ಅನ್ನೋ 24 ವರ್ಷದ ಗಿರಾಕಿ ಟೇಬಲ್ ಕೆಳಗೆ ಅಡಗಿ ಗುಂಡಿನ ಸದ್ದು ಎಣಿಸುತ್ತಿದ್ದ. ಒಂಬತ್ತು ಆಯಿತು, ಪಿಸ್ತೂಲು ಖಾಲಿ ಅಂದುಕೊಂಡು ಕೊಲೆಗಾರನ ಹಿಂದೆ ಓಡಿದ. ಲೆಕ್ಕ ತಪ್ಪಿತ್ತು. ಗುಂಡು ಅವನ ಕೈ ತೂರಿ ಎದೆಗೆ ಹೊಕ್ಕಿತು. ಬದುಕಿದ. ಆಮೇಲೆ ಹ್ಯೂಸ್ಟನ್ನಿನ ಇಂಡಿಯಾ ಹೌಸ್ ಅವನನ್ನು ಸನ್ಮಾನಿಸಿ, ಮನೆ ಕೊಳ್ಳಲು 1 ಲಕ್ಷ ಡಾಲರ್ ಕೊಟ್ಟಿತು. ಇದರಲ್ಲಿ ಧೈರ್ಯ ಅನ್ನೋ ಪದವನ್ನು ನಾನು ಒಂದು ಸಲವೂ ಬಳಸಲಿಲ್ಲ. ಆ ಎಣಿಕೆ ಸಾಕು.

ಇನ್ನೊಂದು ನೋಡಿ. 2020ರ ಫೆಬ್ರವರಿಯ ದೆಹಲಿ ಗಲಭೆಯಲ್ಲಿ ಗೋಕುಲಪುರಿಯ ಮೊಹಿಂದರ್ ಸಿಂಗ್ ಮತ್ತು ಅವರ ಮಗ ಇಂದ್ರಜಿತ್ ಸಿಂಗ್ ತಮ್ಮ ಬೈಕು, ಸ್ಕೂಟರಿನಲ್ಲಿ ಮುಸ್ಲಿಂ ನೆರೆಹೊರೆಯವರನ್ನು ಸುಮಾರು ಒಂದು ಕಿಲೋಮೀಟರ್ ದೂರದ ಕರ್ದಂಪುರಿಗೆ ಸಾಗಿಸಿದರು. ಒಬ್ಬೊಬ್ಬರು 20ರಷ್ಟು ಸಲ ಹೋಗಿ ಬಂದರು, 60ರಿಂದ 80 ಜನ ದಾಟಿದರು. ಕೆಲವು ಹುಡುಗರಿಗೆ ಗುರುತು ಸಿಗದಿರಲಿ ಅಂತ ಪೇಟ ಕಟ್ಟಿದರು. ಸಿಖ್ಖರಿಗೆ ಪೇಟ ಅಂದರೆ ಏನು ಅಂತ ಗೊತ್ತಿರುವ ಯಾವ ತೀರ್ಪುಗಾರರಿಗೂ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಹಾಗಾಗಿ ನಿಮ್ಮವರ ಹತ್ತಿರ ಕೂತು ಕೇಳಿ. ಎಷ್ಟು ಹೊತ್ತಾಗಿತ್ತು? ಎಲ್ಲಿ ನಿಂತಿದ್ದಿರಿ? ಕೈಯಲ್ಲಿ ಏನಿತ್ತು? ಎದುರಿನವರು ಎಷ್ಟು ಜನ? ಮೊದಲು ಏನು ಅಂದಿರಿ? ಹೆದರಿಕೆ ಆಯಿತಾ? ಹೆದರಿಕೆ ಆಯಿತು ಅಂದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಮಾರನೇ ದಿನ ಏನಾಯಿತು ಅನ್ನೋ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಆದರೆ ನನ್ನ ಅನುಭವದಲ್ಲಿ ತೂಕದ ವಿಷಯ ಅಲ್ಲೇ ಇರುತ್ತದೆ. ಅಂಗಡಿಗೆ ಗಿರಾಕಿ ಬರೋದು ನಿಂತಿತಾ? ನೆಂಟರು ಮಾತು ಬಿಟ್ಟರಾ? ರಾತ್ರಿ ಫೋನು ಬಂತಾ? ಕಾಪಾಡಿದ್ದಕ್ಕೆ ಅವರು ತೆತ್ತ ಬೆಲೆ ಅದು.

ನನ್ನ ಹಳೇ ಅರ್ಜಿಯ ಒಂದು ಸಾಲು ಹೀಗಿತ್ತು: ಇವರು ಈಶಾನ್ಯ ಭಾರತದ ಯುವಕರಿಗೆ ಆಶ್ರಯ ನೀಡಿ ಸೌಹಾರ್ದತೆಗೆ ಮಾದರಿಯಾಗಿದ್ದಾರೆ. ಓದಿದವರಿಗೆ ಏನೂ ಕಾಣುವುದಿಲ್ಲ. ಆಮೇಲೆ ಮತ್ತೆ ಬರೆದದ್ದು ಹೀಗೆ: ಆಗಸ್ಟ್ 15ರ ರಾತ್ರಿ ಒಂಬತ್ತಕ್ಕೆ ಹುಡುಗರು ಬ್ಯಾಗು ಕಟ್ಟಿಕೊಂಡು ಕೆಳಗಿಳಿದರು. ಇವರು ಬಾಗಿಲಲ್ಲಿ ನಿಂತು, ಊಟ ಮಾಡಿದ್ರಾ ಅಂತ ಕೇಳಿದರು. ಮಾಡಿರಲಿಲ್ಲ. ಅನ್ನ ಸಾರು ಬಡಿಸಿ, ತಿನ್ನುವಷ್ಟರಲ್ಲಿ ಮಗನನ್ನು ಕರೆದು ಮಂಚ ಎಳೆಸಿದರು. ಮಾರನೇ ದಿನ ಸೆಕ್ಯುರಿಟಿ ಕೆಲಸಕ್ಕೆ ಹೋಗಬೇಕಿದ್ದ ಹುಡುಗನನ್ನು ಮಗನ ಸ್ಕೂಟರಿನ ಹಿಂದೆ ಕೂರಿಸಿ ಕಳಿಸಿದರು, ಸಂಜೆ ಕರೆಸಿಕೊಂಡರು. ಸ್ಟೇಷನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು.

ಇದರಲ್ಲಿ ಅರ್ಧದಷ್ಟನ್ನು ಹೇಳಿದ್ದು ಆ ಅಮ್ಮ ಅಲ್ಲ, ಹುಡುಗರು. ಅವರಲ್ಲೊಬ್ಬ ಊಟದ ವಿಷಯ ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾದ. ಕಾಪಾಡಿದವರಿಗೆ ತಾವು ಮಾಡಿದ್ದು ದೊಡ್ಡದು ಅನ್ನಿಸಿರುವುದಿಲ್ಲ, ಅದಕ್ಕೇ ಮರೆತಿರುತ್ತಾರೆ. ಉಳಿದವರು ಮರೆತಿರುವುದಿಲ್ಲ.

ಉಬ್ಬಿಸಿ ಬರೆಯಬೇಡಿ. ಇಪ್ಪತ್ತು ಜನ ಇದ್ದ ಗುಂಪನ್ನು ನೂರು ಮಾಡಬೇಡಿ. ಒಂದು ಅಂಕಿ ಸುಳ್ಳಾದರೆ ಇಡೀ ಅರ್ಜಿ ಬೀಳುತ್ತದೆ, ಅದಕ್ಕಿಂತ ಹೆಚ್ಚಾಗಿ ಅವರ ಹೆಸರು ಕೆಡುತ್ತದೆ. ಹಾಗೆಯೇ ಎದುರಿನ ಸಮುದಾಯವನ್ನು ಬೈಯುತ್ತಾ ಬರೆಯಬೇಡಿ. ಹೊಡೆದವರು ಇಂತಿಷ್ಟು ಜನ, ಇಂಥ ಕೆಲಸ ಮಾಡಿದರು, ಅಷ್ಟು ಸಾಕು. ದ್ವೇಷ ತಡೆದವರ ಅರ್ಜಿಯಲ್ಲೇ ದ್ವೇಷ ಬಂದರೆ ಆ ವ್ಯಕ್ತಿಗೇ ಅವಮಾನ.

ಪುರಾವೆ

ಬೇಗ ಕೂಡಿಡಿ. ಪತ್ರಿಕೆಯ ತುಣುಕು ತಾರೀಖು ಸಮೇತ, ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಚೀಟಿ, ಆ ದಿನದ ಫೋಟೋ. ಬೆಂಬಲ ಪತ್ರ ಎಂಎಲ್ಎ ಹತ್ತಿರ ತರಲು ಅಲೆಯುವುದಕ್ಕಿಂತ ಕಣ್ಣಾರೆ ನೋಡಿದ ಎದುರುಮನೆಯವರ ಹತ್ತು ಸಾಲು ಎಷ್ಟೋ ಮೇಲು. ಅವರ ಭಾಷೆಯಲ್ಲೇ ಬರೆಯಲಿ, ನೀವು ತಿದ್ದಬೇಡಿ. ಅರ್ಜಿ ಇಂಗ್ಲಿಷಿನಲ್ಲೇ ಕೇಳಿದರೆ ಅನುವಾದ ಮಾಡಿಸಿ, ಮೂಲವನ್ನೂ ಲಗತ್ತಿಸಿ.

ಗುಂಪಾಗಿ ನಿಂತವರದ್ದು ಬೇರೆಯೇ ಕಷ್ಟ. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿಯಲ್ಲಿ ಗಲಭೆಯ ಬೆಂಕಿ ಹತ್ತಿಕೊಂಡಾಗ ಕೆಲವು ಮುಸ್ಲಿಂ ಯುವಕರು ಹನುಮಂತನ ಗುಡಿಗೆ ಯಾರೂ ಕೈ ಹಾಕದಂತೆ ಕೈ ಕೈ ಹಿಡಿದು ಸುತ್ತ ನಿಂತರು. ಆ ವಿಡಿಯೋವನ್ನು ದೇಶವೆಲ್ಲಾ ನೋಡಿತು. ಅದರಲ್ಲಿರುವ ಒಬ್ಬೊಬ್ಬರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇಂಥದ್ದು ನಿಮ್ಮ ಕಡೆ ನಡೆದರೆ ಅದೇ ವಾರ ಹೋಗಿ, ಒಪ್ಪಿದವರ ಹೆಸರು ಬರೆದಿಟ್ಟುಕೊಳ್ಳಿ. ಹಲವು ಪ್ರಶಸ್ತಿಗಳು ಒಬ್ಬರಿಗೇ ಕೊಡುವಂಥವು. ಅಂಥ ಕಡೆ ಅವರೇ ಕೂತು ಯಾರ ಹೆಸರು ಅಂತ ತೀರ್ಮಾನಿಸಲಿ, ನೀವು ಆರಿಸಬೇಡಿ.

ನೀವೇ ಒಂದು ಶುರುಮಾಡಿದರೆ

ಕನ್ನಡ ಸಂಘ, ಅಪಾರ್ಟ್‌ಮೆಂಟ್ ಸಂಘ, ಕಾಲೇಜು, ಯಾರು ಬೇಕಾದರೂ ಮಾಡಬಹುದು. ವರ್ಷಕ್ಕೆ ಒಬ್ಬರಿಗೆ ಸಾಕು. ಆಯ್ಕೆ ಸಮಿತಿಯಲ್ಲಿ ಏಟು ತಿಂದ ಸಮುದಾಯದವರು ಇರಲೇಬೇಕು. ಅವರಿಲ್ಲದೆ ಉಳಿದವರು ತಮ್ಮ ಬೆನ್ನು ತಾವೇ ತಟ್ಟಿಕೊಂಡಂತೆ ಆಗುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿಯ ಖರ್ಚು ಉಳಿಸಿ ಕೈಗೆ ದುಡ್ಡು ಕೊಡಿ, ಎಷ್ಟೋ ಜನ ಆ ದಿನದ ನಂತರ ದುಡಿಮೆ ಕಳೆದುಕೊಂಡಿರುತ್ತಾರೆ. ಭಾಷಣ ಕಡಿಮೆ ಇರಲಿ. ನೊಂದವರನ್ನು ವೇದಿಕೆಗೆ ಕರೆದು ಕಾಪಾಡಿದವರ ಕಾಲು ಮುಟ್ಟಿಸುವ ಕೆಲಸ ಯಾವ ಕಾರಣಕ್ಕೂ ಬೇಡ.

ಮತ್ತೆ ಅರ್ಜಿಯ ಮಾತಿಗೆ ಬರುತ್ತೇನೆ. ಬ್ರಿಟನ್ನಿನಂಥ ನಿಯಮ ಇಲ್ಲದ ಕಡೆ, ಕಳಿಸುವ ಮೊದಲು ಅವರ ಮುಂದೆ ಕೂತು ಪೂರ್ತಿ ಓದಿ ಹೇಳಿ. ಪ್ರಶಸ್ತಿ ಬರಲಿ ಬಿಡಲಿ, ಒಂದು ಪ್ರತಿ ಅವರ ಮನೆಯಲ್ಲಿ ಇರಲಿ. ಎರಡನೇ ಸಲ ಬರೆದದ್ದನ್ನು ನಾನು ಆ ಅಮ್ಮನಿಗೆ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು. ಮುಗಿದ ಮೇಲೆ ಒಂದೇ ಒಂದು ತಿದ್ದಿಸಿದರು. ಮೂರು ರಾತ್ರಿ ಅಲ್ಲಪ್ಪ, ನಾಲ್ಕು. ಶನಿವಾರಾನೂ ಅಲ್ಲೇ ಮಲಗಿದ್ದೆ.